ಯಾರ ಅಂತಾರ?

ಡೋಣಿ ಹೊಳೆಯ ಬಗ್ಗೆ ನಮ್ಮ ಕಡೆ ಒಂದು ಮಾತಿದೆ: ‘ಡೋಣಿ ಹರಿದರ ಓಣಿ ತುಂಬ ಕಾಳು.’ ವಿಜಯಪುರ ಜಿಲ್ಲೆಯವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಜತ್ತ ತಾಲ್ಲೂಕಿನ ಕಡೆಯಿಂದ ಬಂದು, ನಮ್ಮ ಜಿಲ್ಲೆಯನ್ನು ಹಾಯ್ದು ಕೃಷ್ಣೆಗೆ ಸೇರುವ ಈ ಹೊಳೆಯ ನೀರು ಉಪ್ಪು. ಆದರೆ ದಂಡೆಯ ಎರಿ ಮಣ್ಣು ಬಿಳಿಜೋಳಕ್ಕೆ ಹೇಳಿ ಮಾಡಿಸಿದ್ದು. ಗಾದೆಗಳ ಪುಸ್ತಕದಲ್ಲಿ ಇದನ್ನು ಸೇರಿಸುವವರು ಪಕ್ಕದಲ್ಲಿ ‘ನದಿ ದಂಡೆಯ ಫಲವತ್ತತೆಯನ್ನು ಹೊಗಳುವ ಮಾತು’ ಎಂದು ಬರೆದು ಮುಂದಿನ ಗಾದೆಗೆ ಹೋಗಬಹುದು.

ಸಾರವಾಡದ ಹತ್ತಿರ ಒಂದು ಮಳೆಗಾಲದಲ್ಲಿ ಈ ಮಾತು ನನಗೆ ಬೇರೆಯಾಗಿ ಕೇಳಿಸಿತು. ಹೊಳೆಯಲ್ಲಿ ಹೂಳು ತುಂಬಿದೆ, ಮುಳ್ಳುಕಂಟಿ ಬೆಳೆದಿದೆ. ಮಳೆ ಜೋರಾದರೆ ನೀರು ದಂಡೆ ಬಿಟ್ಟು ಹೊಲಕ್ಕೇ ನುಗ್ಗುತ್ತದೆ. ಆ ವರ್ಷ ತೊಗರಿ ಮುಳುಗಿತ್ತು. ದಾರಿಯ ಮೇಲೆ ನಿಂತಿದ್ದ ಹಿರಿಯರೊಬ್ಬರು ನೀರನ್ನೇ ನೋಡುತ್ತ, “ಹರದೈತಲ್ರಿ ಡೋಣಿ. ಇನ್ನ ಓಣಿ ತುಂಬ ಕಾಳು. ಚೀಲ ಹಿಡಕೊಂಡ ಬರ್ರಿ” ಅಂದರು. ಸುತ್ತ ನಿಂತವರು ನಕ್ಕರು. ಮುಳುಗಿದ್ದ ಹೊಲ ಅವರದೇ. ಪುಸ್ತಕದಲ್ಲಿ ಹೊಗಳಿಕೆಯಾಗಿದ್ದ ಐದು ಪದಗಳು ಅವರ ಬಾಯಲ್ಲಿ ಹೊಳೆಗೆ ಹಾಕಿದ ಶಾಪವಾಗಿದ್ದವು.

ನಾನು ತಿಕೋಟಾದವಳು. ತಿಕೋಟಾ, ಬಬಲೇಶ್ವರ ಎರಡೂ ಈಚೆಗೆ ತಾಲ್ಲೂಕುಗಳಾದ ಊರುಗಳು. ಈ ಎರಡು ತಾಲ್ಲೂಕುಗಳ ಹೆಂಗಸರ ಬಾಯಲ್ಲಿರುವ ಗಾದೆಗಳು ನನ್ನ ಪಿಎಚ್.ಡಿ. ವಿಷಯ. ಮಹಿಳಾ ವಿಶ್ವವಿದ್ಯಾಲಯ ಇರುವುದು ತೊರವಿಯಲ್ಲಿ, ನಮ್ಮೂರಿನಿಂದ ವಿಜಯಪುರಕ್ಕೆ ಹೋಗುವ ದಾರಿಯ ಮೇಲೇ. ಹೋಗಿ ಬರುವ ಆ ಬಸ್ಸಿನಲ್ಲಿ ನನ್ನ ಕ್ಷೇತ್ರಕಾರ್ಯದ ಕಾಲುಭಾಗ ಮುಗಿದಿದೆ ಅಂದರೆ ತಪ್ಪಲ್ಲ. “ಏನ ಓದಾಕತ್ತಿ ತಂಗಿ?” ಎಂದು ಕೇಳುತ್ತಾರೆ. “ಗಾದಿ ಮಾತರಿ” ಅಂದರೆ ಮೊದಲು ನಗು. “ಗಾದಿ ಮಾತಿಗೂ ಡಾಕ್ಟರಕಿ ಕೊಡ್ತಾರ?” ಆಮೇಲೆ ಪಾಪ, ಸಹಾಯ ಮಾಡಲೆಂದು ನೆನಪಾದ ಒಂದೆರಡು ಹೇಳುತ್ತಾರೆ. ಕೈ ಕೆಸರಾದರೆ ಬಾಯಿ ಮೊಸರು. ತುಂಬಿದ ಕೊಡ ತುಳುಕುವುದಿಲ್ಲ. ಎಲ್ಲವೂ ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಯವೇ.

ಗಾದೆ ವಿಸ್ತರಿಸಿ ಬರೆಯಿರಿ ಎಂಬ ಆ ಪ್ರಶ್ನೆಯನ್ನು ನಾವೆಲ್ಲ ಬರೆದವರು. ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂದು ಶುರುಮಾಡಿ, ನಡುವೆ ಒಬ್ಬ ಸೋಮಾರಿಯನ್ನೋ ಒಬ್ಬ ಜಂಬದವನನ್ನೋ ತಂದು, ‘ಹೀಗೆ ಈ ಗಾದೆ ಅರ್ಥಪೂರ್ಣವಾಗಿದೆ’ ಎಂದು ಮುಗಿಸಿದರೆ ಅಂಕ ಖಾತ್ರಿ. ಆ ಉತ್ತರದಲ್ಲಿ ಗಾದೆ ಹೇಳಿದವರು ಇರುತ್ತಿರಲಿಲ್ಲ, ಹೇಳಿಸಿಕೊಂಡವರೂ ಇರುತ್ತಿರಲಿಲ್ಲ.

ದೊಡ್ಡ ಪುಸ್ತಕಗಳಲ್ಲೂ ಅವರು ಸಿಗುವುದು ಅಪರೂಪ. ಕಿಟೆಲ್ ಅವರ 1894ರ ನಿಘಂಟನ್ನು ತೆರೆದರೆ ಪದದ ಅರ್ಥದ ಬೆನ್ನಿಗೇ ಗಾದೆಗಳು ಸಿಗುತ್ತವೆ. ಪದ ಜನರ ಬಾಯಲ್ಲಿ ಹೇಗಿದೆ ಎಂಬುದಕ್ಕೆ ಅವು ಸಾಕ್ಷಿ. ಆ ಕೆಲಸದ ಮುಂದೆ ನನ್ನದು ಏನೂ ಅಲ್ಲ. ಆದರೆ ಒಂದೊಂದು ಗಾದೆ ಓದಿದಾಗಲೂ ಇದನ್ನು ಯಾರು ಯಾರಿಗೆ ಅಂದಿದ್ದರು ಎಂದು ಕೇಳಬೇಕೆನ್ನಿಸುತ್ತದೆ. 1964ರಲ್ಲಿ ಓಜೊ ಅರೇವಾ ಮತ್ತು ಅಲನ್ ಡಂಡಸ್ ಎಂಬ ಇಬ್ಬರು ನೈಜೀರಿಯಾದ ಯೊರುಬಾ ಗಾದೆಗಳ ಬಗ್ಗೆ ಒಂದು ಲೇಖನ ಬರೆದರು. ಗಾದೆಯನ್ನಷ್ಟೇ ಬರೆದುಕೊಂಡರೆ ಸಾಲದು, ಅದನ್ನು ಯಾರು, ಯಾರಿಗೆ, ಯಾವಾಗ ಹೇಳಬಹುದು ಎಂಬುದನ್ನೂ ಬರೆದುಕೊಳ್ಳಬೇಕು ಎಂಬುದು ಅವರ ವಾದ. ಅರೇವಾ ಸ್ವತಃ ಯೊರುಬಾದವರು. ತೊರವಿಯ ಗ್ರಂಥಾಲಯದಲ್ಲಿ ಕೂತು ಇದನ್ನು ಓದುವಾಗ ನನಗೆ ನಮ್ಮ ಆಯಿ ನೆನಪಾದಳು.

ಆಯಿ ಅಂದರೆ ಅವ್ವನ ಅವ್ವ. ಬಬಲೇಶ್ವರದ ಕಡೆಯ ಹಳ್ಳಿಯವಳು, ವರ್ಷದಲ್ಲಿ ಎರಡು ಮೂರು ತಿಂಗಳು ನಮ್ಮ ಮನೆಯಲ್ಲಿರುತ್ತಾಳೆ. ಮೊಬೈಲಿನಲ್ಲಿ ರೆಕಾರ್ಡ್ ಒತ್ತಿ, “ಆಯಿ, ಒಂದ ಗಾದಿ ಹೇಳ” ಅಂದರೆ ಅವಳಿಗೆ ಒಂದೂ ಬರುವುದಿಲ್ಲ. “ಹೇಳಂದ್ರ ಬರ್ತಾವೇನ ಖೋಡಿ? ಕರು ಬಿಡದ ಆಕಳ ಹಾಲ ಕೊಡತೈತೇನ?” ಅನ್ನುತ್ತಾಳೆ. ನಾನು ಮೊಬೈಲು ಒಳಗಿಟ್ಟ ಮೇಲೆ ಯಾರಾದರೂ ಕಡ ಕೇಳಲು ಬಂದರೆ, ಅವರು ಹೊಸ್ತಿಲು ದಾಟುವುದರೊಳಗೆ ಎರಡು ಬರುತ್ತವೆ.

ಹಾಗಾಗಿ ನನ್ನ ಕಾರ್ಡುಗಳಲ್ಲಿ ನಾಲ್ಕು ಸಾಲುಗಳಿವೆ: ಮಾತು, ಯಾರು, ಯಾರಿಗೆ, ಆಗ ಏನು ನಡೆದಿತ್ತು. ನಾಲ್ಕನೆಯದು ಸಾಲದೆ ಕಾರ್ಡಿನ ಹಿಂಬದಿಗೂ ಹೋಗುತ್ತದೆ.

ಆಯಿಯ ಹತ್ತಿರ ಹೆಚ್ಚು ಇರುವುದು ಮಳೆಯ ಮಾತುಗಳು. ನಮ್ಮಲ್ಲಿ ಮಳೆಗೆ ನಕ್ಷತ್ರದ ಹೆಸರು, ಒಂದೊಂದಕ್ಕೆ ಹದಿಮೂರು-ಹದಿನಾಲ್ಕು ದಿನ. ರೋಹಿಣಿ ಮಳಿ ಆದರ ಓಣಿ ತುಂಬ ಜ್ವಾಳ. ಆದರ ಆರಿದ್ರಾ, ಇಲ್ಲದಿದ್ದರ ದರಿದ್ರಾ. ಬಂದರ ಮಘಿ, ಹೋದರ ಹೊಗಿ. ಇವನ್ನು ‘ಜನಪದರ ಹವಾಮಾನ ಶಾಸ್ತ್ರ’ ಎಂದು ಕರೆಯುವುದು ಈಗ ರೂಢಿ. ನನಗೆ ಹಾಗನ್ನಿಸುವುದಿಲ್ಲ. ಇವುಗಳಲ್ಲಿ ಭವಿಷ್ಯ ಎಲ್ಲಿದೆ? ಮಳೆ ಬರುತ್ತದೆ ಎಂದು ಒಂದೂ ಹೇಳುವುದಿಲ್ಲ. ‘ಆದರೆ’, ‘ಬಂದರೆ’, ‘ಇಲ್ಲದಿದ್ದರೆ’ ಎಂದೇ ಹೇಳುತ್ತವೆ. ಮಳೆಯನ್ನು ನಂಬಿ ಬಿತ್ತುವ, ನಂಬಲಾರದ ನೆಲದವರ ಮಾತುಗಳು ಇವು. ಬರಗಾಲದಲ್ಲಿ ಅಧಿಕ ಮಾಸ ಎಂಬ ಮಾತನ್ನು ಬೇರೆ ಕಡೆಯವರು ತಮಾಷೆಗೆ ಬಳಸುವುದನ್ನು ಕೇಳಿದ್ದೇನೆ. ಆಯಿ ಅದನ್ನು ತಮಾಷೆಗೆ ಅಂದದ್ದು ನನಗೆ ನೆನಪಿಲ್ಲ.

ಒಂದು ವಿಚಿತ್ರ ನೋಡಿ. ಈಗ ತಿಕೋಟಾ ಅಂದರೆ ದ್ರಾಕ್ಷಿ, ಒಣದ್ರಾಕ್ಷಿ. ಎಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ, ಸಾಲುಸಾಲು ಶೆಡ್ಡುಗಳು, ಜಾಳಿಗೆಯ ಮೇಲೆ ಒಣಗುವ ಗೊಂಚಲು, ತಾಸಗಾಂವದ ಪೇಟೆಯ ದರ. ನೀರಿಲ್ಲದ ವರ್ಷಗಳಲ್ಲಿ ಟ್ಯಾಂಕರ್ ಹೊಡೆಸಿ ಬಳ್ಳಿ ಉಳಿಸಿಕೊಂಡವರು ನಮ್ಮವರು. ಆದರೂ ನನಗೆ ಇಲ್ಲಿ ದ್ರಾಕ್ಷಿಯ ಮೇಲೆ ಒಂದೇ ಒಂದು ಗಾದೆ ಸಿಕ್ಕಿಲ್ಲ. ಎಲ್ಲರೂ ಹೇಳುವುದು ಕೈಗೆಟುಕದ ದ್ರಾಕ್ಷಿ ಹುಳಿ ಎಂಬ ನರಿಯ ಮಾತು. ಅದು ಈಸೋಪನ ಕಥೆಯಿಂದ ಶಾಲೆಯ ಪುಸ್ತಕಕ್ಕೆ, ಅಲ್ಲಿಂದ ನಮ್ಮ ಬಾಯಿಗೆ ಬಂದದ್ದು. ಜೋಳಕ್ಕೆ ಇಷ್ಟೊಂದು ಮಾತುಗಳಿದ್ದು, ಇಷ್ಟೊಂದು ಸಾಲ ತಂದ ಬೆಳೆಗೆ ಇನ್ನೂ ಒಂದೂ ಇಲ್ಲ. ದ್ರಾಕ್ಷಿ ಬೆಳೆಗಾರರು ಹಳೆಯ ಕಣದ ಮಾತುಗಳನ್ನೇ ತಂದು ಹಚ್ಚುತ್ತಾರೆ. ಒಣದ್ರಾಕ್ಷಿಗೆ ದರ ಏರಿದ ದಿನ “ಗಾಳಿ ಬಂದಾಗ ತೂರಿಕೊಳ್ಳೋ” ಅಂತ ಒಬ್ಬರು ಅವಸರ ಮಾಡಿದರೆ, ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟು ಕಾಯೋಣ ಅನ್ನುವವರು “ತಾಳಿದವ ಬಾಳ್ಯಾನು” ಅನ್ನುತ್ತಾರೆ. ಎರಡೂ ಗಾದೆ. ಗಾದೆ ಸುಳ್ಳಾಗದು ಅಂದರೆ ಇಬ್ಬರಲ್ಲಿ ಯಾರನ್ನು ನಂಬಬೇಕು? ಜನರಿಗೆ ಈ ತೊಡಕಿಲ್ಲ. ಅವರು ಮೊದಲು ಏನು ಮಾಡಬೇಕೆಂದು ಗಟ್ಟಿ ಮಾಡಿಕೊಂಡಿರುತ್ತಾರೆ, ಆಮೇಲೆ ಗಾದೆ ಹುಡುಕುತ್ತಾರೆ.

ಇಷ್ಟಕ್ಕೆ ಗಾದೆಯ ಕೆಲಸ ಮುಗಿಯುವುದಿಲ್ಲ ಎಂದು ಗೊತ್ತಾದದ್ದು ನಮ್ಮ ಪಡಸಾಲೆಯಲ್ಲಿ.

ದೀಪಾವಳಿ ಮುಗಿದ ಮೇಲೆ ಒಂದು ದಿನ ದೊಡ್ಡಪ್ಪ ಬಂದಿದ್ದರು. ಅಪ್ಪನ ಅಣ್ಣ, ನಮ್ಮ ಮನೆತನದ ಹಿರಿಯರು. ನನ್ನ ಮದುವೆಯ ಮಾತು ತೆಗೆದರು. “ಇಪ್ಪತ್ತೆಂಟ ಮುಗದಾವ. ಓದಿ ಓದಿ ಮರುಳಾದ ಕೂಚಂಭಟ್ಟ ಅಂದಂಗ ಆದೀತು. ಇನ್ನ ಎಷ್ಟ ದಿನಾ ಇದು?” ಅಪ್ಪ ತಲೆ ತಗ್ಗಿಸಿಕೊಂಡು ಕೂತರು. ಭಾವನ ಎದುರಿಗೆ ಅವ್ವ ಮಾತಾಡುವಂತಿಲ್ಲ, ಅಡುಗೆಮನೆಯ ಬಾಗಿಲಲ್ಲೇ ನಿಂತಳು. ನಾನು ಮಾತಾಡಿದ್ದರೆ ಓದಿದ ಹುಡುಗಿಯ ಸೊಕ್ಕು ಅನ್ನಿಸಿಕೊಳ್ಳುತ್ತಿತ್ತು. ಆಯಿ ಮೂಲೆಯಲ್ಲಿ ಸೆರಗು ಹೊದ್ದು ಅಕ್ಕಿ ಆರಿಸುತ್ತಿದ್ದಳು. ಆ ಮನೆಯಲ್ಲಿ ಅವಳು ಬೀಗತಿ, ಹೆಣ್ಣು ಕೊಟ್ಟ ಕಡೆಯವಳು. ಅಲ್ಲಿದ್ದವರಲ್ಲೆಲ್ಲ ಮಾತಾಡುವ ಹಕ್ಕು ಎಲ್ಲಕ್ಕಿಂತ ಕಡಿಮೆ ಇದ್ದದ್ದು ಅವಳಿಗೆ.

ತಾಟಿನಿಂದ ಒಂದು ಹರಳು ತೆಗೆದು ಎಸೆದು, ಯಾರನ್ನೂ ನೋಡದೆ ಅಂದಳು: “ಊರ ಉಸಾಬರಿ ಮಾಡಿ ಮುಲ್ಲಾ ಸೊರಗಿದ್ನಂತ.” ಅದೇ ಉಸಿರಿನಲ್ಲಿ ನನಗೆ, “ಯವ್ವಾ, ನಿಮ್ಮ ದೊಡ್ಡಪ್ಪಗ ಚಾ ತಾ ಹೋಗ. ದಣದ ಬಂದಾರ.”

ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಆಮೇಲೆ ದೊಡ್ಡಪ್ಪ ಜೋರಾಗಿ ನಕ್ಕರು. “ಬೀಗರು ಮಾತನ್ಯಾಗ ಸೋಲಂಗಿಲ್ಲ ಬಿಡ್ರಿ” ಅಂದು ಚಹಾ ಕುಡಿದು, ಜೋಳದ ದರ ಮಾತಾಡಿ ಎದ್ದು ಹೋದರು. ಆ ವರ್ಷ ಮತ್ತೆ ಆ ವಿಷಯ ತೆಗೆಯಲಿಲ್ಲ. (ಆ ಗಾದೆಯ ಮುಲ್ಲಾನ ಮೇಲೆ ನನಗೆ ಮೊದಲಿನಿಂದಲೂ ಕನಿಕರ. ಊರವರ ಕೆಲಸಕ್ಕೆಲ್ಲ ಓಡಾಡಿ ಬಡವಾದ ಮನುಷ್ಯ ಅವನು, ತಪ್ಪೇನು ಮಾಡಿದ್ದ?)

ಆ ರಾತ್ರಿ ಕಾರ್ಡು ಬರೆಯುವಾಗ ನನ್ನ ಕಣ್ಣು ನಿಂತದ್ದು ಮಾತಿನ ಕೊನೆಯ ಅಕ್ಷರಗಳ ಮೇಲೆ. ಸೊರಗಿದ್ನ-‘ಅಂತ’. ದೊಡ್ಡಪ್ಪನ ಮಾತಿನಲ್ಲಿಯೂ ಇತ್ತು, ‘ಅಂದಂಗ’. ಹಿಂದಿನ ಕಾರ್ಡುಗಳನ್ನೆಲ್ಲ ತೆಗೆದು ನೋಡಿದೆ. ಅಂತ, ಅಂತಾರ, ಅಂದ್ರಂತ, ಅಂದಂಗ. ಪುಸ್ತಕಕ್ಕೆ ಹೋಗುವಾಗ ಉದುರಿಹೋಗುವ ಈ ಬಾಲ ಬಾಯಲ್ಲಿ ಎಂದೂ ಉದುರುವುದಿಲ್ಲ. ನಾನು ಹೇಳುತ್ತಿಲ್ಲ, ಯಾರೋ ಹೇಳಿದ್ದು, ನನ್ನ ಕಿವಿಗೆ ಬಿದ್ದದ್ದು ಎನ್ನುವುದು ಇದರ ಅರ್ಥ. ಆಯಿ “ನಿಮಗ್ಯಾಕ ಬೇಕ್ರಿ ನಮ್ಮ ಮೊಮ್ಮಗಳ ಉಸಾಬರಿ” ಅಂದಿದ್ದರೆ ಎರಡು ಮನೆತನದ ನಡುವೆ ಜಗಳ. ‘ಅಂತ’ ಎಂದದ್ದರಿಂದ ಅವಳು ಏನೂ ಅನ್ನಲೇ ಇಲ್ಲ. ದೊಡ್ಡಪ್ಪನಿಗೂ ಮರ್ಯಾದೆಯಿಂದ ಹಿಂದೆ ಸರಿಯಲು ಜಾಗ ಉಳಿಯಿತು, ಮುಲ್ಲಾನ ಕಥೆಗೆ ಯಾರು ಬೇಕಾದರೂ ನಗಬಹುದಲ್ಲ.

ಹೆಂಗಸರ ಬಾಯಲ್ಲಿ ಗಾದೆ ಯಾಕೆ ಇಷ್ಟು ಉಳಿದಿದೆ ಎಂಬುದಕ್ಕೆ ಕಾರಣ ಇಲ್ಲೇ ಇದೆ ಎನ್ನಿಸಿತು. ನೇರ ಮಾತಿಗೆ ಜಾಗ ಇಲ್ಲದವರಿಗೆ ಇದು ಬಳಸು ದಾರಿ. ನಮ್ಮ ಗಡಿಯ ಮನೆಗಳಲ್ಲಿ ಜತ್ತ, ಸಾಂಗಲಿ ಕಡೆಯಿಂದ ಬಂದ ಸೊಸೆಯಂದಿರಿದ್ದಾರೆ. ಅವರು ಮರಾಠಿಯಲ್ಲಿ ‘ಲೇಕಿ ಬೋಲೆ ಸುನೆ ಲಾಗೆ’ ಅನ್ನುತ್ತಾರೆ. ಮಗಳಿಗೆ ಅಂದದ್ದು ಸೊಸೆಗೆ ತಾಗುತ್ತದೆ ಎಂದು. ಮಾತನ್ನು ಒಬ್ಬರ ಮೇಲೆ ಹಾಯಿಸಿ ಇನ್ನೊಬ್ಬರಿಗೆ ಮುಟ್ಟಿಸುವ ಈ ಉಪಾಯದ ಬಗ್ಗೆಯೇ ಒಂದು ಗಾದೆ. ಈ ವಿಷಯದ ಮೇಲೆ ಒಂದು ಅಧ್ಯಾಯ ಬರೆದೆ. ಮಾರ್ಗದರ್ಶಕರಿಗೂ ಹಿಡಿಸಿತು. ಗಾದೆ ದುರ್ಬಲರ ಆಯುಧ ಎಂಬ ಶೀರ್ಷಿಕೆಯೂ ಮನಸ್ಸಿನಲ್ಲಿತ್ತು.

ಅದರ ಮರುವರ್ಷ ಅವ್ವನ ತವರಿನ ಹೊಲದ ವಿಷಯ ಬಂತು.

ಮುತ್ಯಾ ತೀರಿಕೊಂಡಿದ್ದರು. ಹೊಲವನ್ನೆಲ್ಲ ಮಾಮಾನ ಹೆಸರಿಗೆ ಮಾಡಬೇಕಿತ್ತು. ಮಾಮಾ ಕೆಟ್ಟವನಲ್ಲ. ದ್ರಾಕ್ಷಿಗೆ ಮಾಡಿದ ಸಾಲ, ಎರಡು ವರ್ಷ ಶೆಡ್ಡಿನಲ್ಲಿದ್ದಾಗಲೇ ಅಕಾಲದ ಮಳೆಗೆ ಕಪ್ಪಾದ ಮಾಲು, ಹೊಸ ಸಾಲಕ್ಕೆ ಹೊಲದ ಕಾಗದ ಬೇಕು. ಅಕ್ಕತಂಗಿಯರು ಮೂವರ ಸಹಿ ಬೇಕಾಗಿತ್ತು, ಹಕ್ಕು ಬಿಟ್ಟ ಪತ್ರಕ್ಕೆ. ದೊಡ್ಡವ್ವ, ಚಿಕ್ಕವ್ವ ಇಬ್ಬರೂ ಸಹಿ ಮಾಡಿ, ಸೀರೆ ಉಟ್ಟು, ಉಡಿ ತುಂಬಿಸಿಕೊಂಡು ಹೋಗಿದ್ದರು. ಅವ್ವ ಉಳಿದಿದ್ದಳು.

ಕಾನೂನಿನ ಕಥೆಯನ್ನು ನಾನು ಆಗ ಓದಿಕೊಂಡೆ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಎಂಬ ತಿದ್ದುಪಡಿ ಕರ್ನಾಟಕದಲ್ಲಿ 1994ರ ಜುಲೈನಲ್ಲೇ ಜಾರಿಗೆ ಬಂತು. ಆದರೆ ಅದಕ್ಕೂ ಮೊದಲೇ ಮದುವೆಯಾದವರಿಗೆ ಅದು ಅನ್ವಯಿಸುತ್ತಿರಲಿಲ್ಲ. ಅವ್ವನ ಮದುವೆ ಆದದ್ದು ಅದೇ ವರ್ಷದ ಬೇಸಿಗೆಯಲ್ಲಿ. ಕೆಲವು ವಾರಗಳ ಅಂತರದಲ್ಲಿ ಅವಳು ಹೊರಗುಳಿದಿದ್ದಳು. 2005ರಲ್ಲಿ ದೇಶಕ್ಕೆಲ್ಲ ಬಂದ ತಿದ್ದುಪಡಿ ಮದುವೆಯಾದವರು, ಆಗದವರು ಎಂಬ ಭೇದ ತೆಗೆಯಿತು. ಅಂದರೆ ಆ ಹನ್ನೊಂದು ವರ್ಷ ನಮ್ಮ ಕಾನೂನಿನ ಪುಸ್ತಕದಲ್ಲಿಯೂ ಒಂದು ಗಾದೆ ಕೂತಿತ್ತು.

ಅದನ್ನು ನಾನು ಕೇಳಿದ್ದು ಆಯಿಯ ಬಾಯಲ್ಲಿ. ಅವ್ವ ತವರಿನ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಆಯಿ ಒಲೆಯ ಮುಂದೆ, ಮಾಮಾ ಬಾಗಿಲಿಗೆ ಒರಗಿ, ನಾನು ಹೊಸ್ತಿಲ ಮೇಲೆ. ಪತ್ರ ಪ್ಲಾಸ್ಟಿಕ್ ಚೀಲದಲ್ಲಿ ಮಾಡಿನಲ್ಲಿತ್ತು. ಆಯಿ ಬೆಂಕಿಯನ್ನೇ ನೋಡುತ್ತ ಅಂದಳು: “ಕೊಟ್ಟ ಹೆಣ್ಣು ಕುಲಕ್ಕ ಹೊರಗ ಅಂತಾರ. ಸಹಿ ಮಾಡಿಬಿಡ ಯವ್ವಾ.”

ದನಿ ಅದೇ. ಪಡಸಾಲೆಯಲ್ಲಿ ನನ್ನ ಬೆನ್ನಿಗೆ ನಿಂತಾಗ ಇದ್ದದ್ದೇ. ಯಾರನ್ನೂ ನೋಡದಿರುವುದೂ ಅದೇ.

ಅವ್ವನ ಕೈ ನಿಂತಿತು. “ಯಾರ ಅಂತಾರವ್ವಾ?”

ಗಾದೆಗೆ ಇನ್ನೊಂದು ಗಾದೆಯಿಂದ ಉತ್ತರ ಕೊಡುವುದನ್ನು ನಾನು ನೂರು ಸಲ ಕೇಳಿದ್ದೆ. ಹೀಗೆ ಯಾರೂ ಕೇಳಿದ್ದಿಲ್ಲ. ಆಯಿ ತಡವರಿಸಿ, “ಯಾರಂದ್ರ... ಹಿರ್ಯಾರು ಅಂತಾರ” ಅಂದಳು.

“ಈಗ ಈ ಮನ್ಯಾಗ ಹಿರ್ಯಾಕಿ ನೀನ ಅದಿಯಲ್ಲ. ನೀ ಅಂತಿಯೇನ?”

ಆಯಿ ಮಾತಾಡಲಿಲ್ಲ. ಒಲೆಯೊಳಗಿನ ಕಟ್ಟಿಗೆ ಸರಿಮಾಡಿದಳು. ಹಂಚಿನ ಮೇಲಿದ್ದ ರೊಟ್ಟಿ ಹತ್ತಿದ ವಾಸನೆ ಬಂದಾಗ ಅವ್ವನೇ ತಿರುವಿ ಹಾಕಿದಳು. ಮಾಮಾ ಯಾರದೋ ಫೋನು ಬಂತೆಂದು ಹೊರಗೆ ಹೋದ. ಫೋನು ಬಂದ ಸದ್ದು ನನಗಂತೂ ಕೇಳಿಸ್ಲಿಲ್ಲ.

ಆ ದಿನ ಸಹಿ ಆಗಲಿಲ್ಲ. ಒಂದು ವರ್ಷದ ಮೇಲೆ ಬೇರೆ ಪತ್ರ ಆಯಿತು. ಎರಡು ಎಕರೆ ಎರಿ ಹೊಲ ಅವ್ವನ ಹೆಸರಿಗೆ, ಉಳಿದದ್ದಕ್ಕೆ ಅವ್ವ ಸಹಿ ಮಾಡಿದಳು. ಆ ವರ್ಷ ಪಂಚಮಿಗೆ ಮಾಮಾ ಕರೆಯಲು ಬರಲಿಲ್ಲ. ಅವ್ವ ಉಂಡಿ ಕಟ್ಟಿದಳು, ನಾವು ಮೂವರೇ ತಿಂದೆವು. ದೊಡ್ಡವ್ವ ಫೋನಿನಲ್ಲಿ ಮಾತು ಬಿಟ್ಟಳು, ಅವಳಿಗೆ ಸಿಟ್ಟು ಮಾಮಾನ ಮೇಲೋ ಅವ್ವನ ಮೇಲೋ ಇವತ್ತಿಗೂ ನನಗೆ ತಿಳಿದಿಲ್ಲ. ಮುಂದಿನ ಪಂಚಮಿಗೆ ಮಾಮಾ ಬಂದ, ಜೋಕಾಲಿಗೆ ಹಗ್ಗವನ್ನೂ ತಂದಿದ್ದ. ಹೊಲದ ಮಾತು ಯಾರೂ ತೆಗೆಯಲಿಲ್ಲ. ಈಗ ಆ ಎರಡು ಎಕರೆಯನ್ನು ಮಾಮಾನೇ ಪಾಲಿಗೆ ಮಾಡುತ್ತಾನೆ, ರಾಶಿಯಾದ ಮೇಲೆ ಅವ್ವನ ಪಾಲಿನ ಜೋಳ ಚೀಲದಲ್ಲಿ ಬರುತ್ತದೆ. ಅವ್ವ ಆ ಜೋಳವನ್ನು ಬೇರೆ ಡಬ್ಬಿಯಲ್ಲಿ ಇಡುತ್ತಾಳೆ. ಹಿಟ್ಟು ಬೀಸಿಸುವಾಗ ಬೇರೆ ಜೋಳದ ಜತೆ ಕೂಡಿಸುವುದಿಲ್ಲ.

ಗಾದೆ ದುರ್ಬಲರ ಆಯುಧ ಎಂಬ ಶೀರ್ಷಿಕೆ ಈಗ ನನ್ನ ಅಧ್ಯಾಯಕ್ಕೆ ಇಲ್ಲ. ಬಿಗಿಯಾದ ಬೇರೆ ಶೀರ್ಷಿಕೆಯೂ ಸಿಕ್ಕಿಲ್ಲ. ಆಯಿಗೆ ಆ ಮಾತು ಎಲ್ಲಿಂದ ಬಂತು ಎಂದು ಯೋಚಿಸುತ್ತೇನೆ. ಅವಳ ತವರಿನಲ್ಲಿ ಹೊಲ ಎಷ್ಟಿತ್ತು, ಅವಳಿಗೆ ಯಾವ ಪತ್ರ ತೋರಿಸಿದ್ದರು, ಪತ್ರ ಎಂಬುದಾದರೂ ಇತ್ತೋ ಇಲ್ಲವೋ. ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಮೊದಲು ಅವಳಿಗೂ ಯಾರಾದರೂ ‘ಅಂತಾರ’ ಎಂದಿರಬೇಕು. ಕೇಳಿದರೆ ಹೇಳುವುದಿಲ್ಲ, “ಆಗಿನ ಕಾಲ ಬ್ಯಾರೆ” ಅನ್ನುತ್ತಾಳೆ. ಹೆಣ್ಣಿನ ಬುದ್ಧಿ ಮೊಣಕಾಲ ಕೆಳಗೆ ಎಂಬ ಮಾತನ್ನು ನನಗೆ ಹೇಳಿದವರಲ್ಲಿ ಅರ್ಧದಷ್ಟು ಜನ ಹೆಂಗಸರೇ. ಅವರಲ್ಲಿ ಒಬ್ಬರೂ ಅದನ್ನು ತಮ್ಮ ಮಾತಾಗಿ ಹೇಳಲಿಲ್ಲ, ಎಲ್ಲರೂ ‘ಅಂತಾರ’ ಸೇರಿಸಿಯೇ ಹೇಳಿದರು. ಇಂಥ ಮಾತುಗಳನ್ನು ಸಂಗ್ರಹದಿಂದ ಬಿಡಬೇಕು ಎನ್ನುವ ಗೆಳತಿಯರಿದ್ದಾರೆ. ನಾನು ಬಿಡುವುದಿಲ್ಲ. ಬಿಟ್ಟರೆ ಯಾರು ಯಾರಿಗೆ ಅಂದರು ಎಂಬ ಸಾಲುಗಳೂ ಹೋಗುತ್ತವೆ.

ಕಳೆದ ತಿಂಗಳು ಆಯಿ ನಮ್ಮ ಮನೆಯಲ್ಲಿದ್ದಳು. ಕಾರ್ಡುಗಳ ಡಬ್ಬಿ ನೋಡಿ, “ಇಷ್ಟೂ ನಾ ಅಂದದ್ದೇನ? ಓದ ನೋಡೂಣು” ಅಂದಳು. ಅವಳಿಗೆ ಓದು ಬರಹ ಬರುವುದಿಲ್ಲ. ನಾನು ಒಂದೊಂದಾಗಿ ಓದಿದೆ. ಮುಲ್ಲಾನ ಕಾರ್ಡಿಗೆ ನಕ್ಕಳು, ಆಗ ಆರಿಸುತ್ತಿದ್ದದ್ದು ಅಕ್ಕಿಯಲ್ಲ, ಕಡ್ಲಿಬ್ಯಾಳಿ ಎಂದು ವಾದ ಮಾಡಿದಳು. ಅಕ್ಕಿಯೇ, ನನಗೆ ಚೆನ್ನಾಗಿ ನೆನಪಿದೆ. ಹೊಲದ ಕಾರ್ಡು ಬಂದಾಗ ಬಿಟ್ಟು ಮುಂದಿನದಕ್ಕೆ ಹೋಗಲು ಬರುತ್ತಿತ್ತು. ಓದಿದೆ. ಮಾತು: ಕೊಟ್ಟ ಹೆಣ್ಣು ಕುಲಕ್ಕ ಹೊರಗ. ಯಾರು: ಆಯಿ. ಯಾರಿಗೆ: ಅವ್ವನಿಗೆ.

ಆಯಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, “ಅದರ ಕೆಳಗ ನಿಮ್ಮವ್ವ ಅಂದದ್ದನ್ನೂ ಬರದಿಯೇನ?” ಎಂದು ಕೇಳಿದಳು.

ಅದು ಗಾದೆಯಲ್ಲವಾದ್ದರಿಂದ ಬರೆದಿರಲಿಲ್ಲ. ಹಾಗೆಂದು ಹೇಳಿದೆ.

“ಇರಲಿ, ಬರಿ” ಅಂದಳು.